ಕ್ರೈಸ್ತ ಸಭೆಗಳ ಐಕ್ಯ: ವಾಗ್ವಾದ ಮತ್ತು ಜನಬದುಕಿನ ನೆಲೆ

ಪೀಠಿಕೆ

ಯಾವುದೇ ಧರ್ಮವನ್ನು ಹೊರಗಿನಿಂದ ನೋಡುವವರಿಗೆ ಅದು ಅಖಂಡವಾಗಿ ಕಾಣುವುದು ಸಹಜ. ಕ್ರೈಸ್ತ ಧರ್ಮದ ವಿಷಯದಲ್ಲಿಯೂ ಹೀಗೆಯೇ ಆಗಿದೆ. ಜನಗಣತಿಯಲ್ಲಿ ಒಂದೇ ಹೆಸರಿನ ಕೆಳಗೆ ಬರುವ ಈ ಸಮುದಾಯದ ಒಳಹೊಕ್ಕು ನೋಡಿದರೆ ರೋಮನ್ ಕೆಥೋಲಿಕರು, ದಕ್ಷಿಣ ಭಾರತ ಸಭೆಯವರು, ಮೆಥೋಡಿಸ್ಟರು, ಲೂಥರನರು, ಬ್ಯಾಪ್ಟಿಸ್ಟರು, ಸಿರಿಯನ್ ಪರಂಪರೆಯವರು, ಪೆಂಟೆಕೋಸ್ಟ್ ಪಂಗಡದವರು ಹೀಗೆ ಅನೇಕ ಕವಲುಗಳು ಗೋಚರಿಸುತ್ತವೆ.

ಕರ್ನಾಟಕದಲ್ಲಿ ಈ ಭಿನ್ನತೆ ಮೊದಲು ಕಿವಿಗೆ ಬೀಳುವುದು ಮಾತಿನಲ್ಲಿ. ಕರಾವಳಿಯ ಕೆಥೋಲಿಕರು ಪೋರ್ಚುಗೀಸ್ ಮೂಲದ 'ಇಗರ್ಜಿ' ಎಂಬ ಪದವನ್ನು ಬಳಸಿದರೆ ಪ್ರಾಟೆಸ್ಟಂಟರು 'ಸಭೆ', 'ದೇವಾಲಯ' ಎನ್ನುತ್ತಾರೆ. ಕೆಥೋಲಿಕರ 'ಜ್ಞಾನಸ್ನಾನ' ಪ್ರಾಟೆಸ್ಟಂಟರಲ್ಲಿ 'ದೀಕ್ಷಾಸ್ನಾನ'ವಾಗುತ್ತದೆ. 'ಪರಮಪ್ರಸಾದ'ವು 'ಕರ್ತನ ಭೋಜನ'ವಾಗುತ್ತದೆ. 'ಬಲಿಪೂಜೆ'ಯ ಜಾಗದಲ್ಲಿ 'ಆರಾಧನೆ' ಇರುತ್ತದೆ. ಒಂದೇ ವಿಧಿಗೆ ಒಂದೇ ಭಾಷೆಯಲ್ಲಿ ಎರಡು ಹೆಸರುಗಳು ಹುಟ್ಟಿಕೊಂಡಿರುವುದು ಪಂಗಡಭೇದವು ನಿತ್ಯದ ನುಡಿಯವರೆಗೂ ಇಳಿದಿರುವುದನ್ನು ಸೂಚಿಸುತ್ತದೆ.

ಈ ಭೇದಗಳನ್ನು ಮೀರಿ ಒಂದಾಗಬೇಕೆಂಬ ಪ್ರಯತ್ನವು 20ನೆಯ ಶತಮಾನದ ಕ್ರೈಸ್ತ ಚರಿತ್ರೆಯ ಒಂದು ಮುಖ್ಯ ಅಧ್ಯಾಯ. ಅದರಲ್ಲಿ ದಕ್ಷಿಣ ಭಾರತಕ್ಕೆ ವಿಶೇಷ ಸ್ಥಾನವಿದೆ. 1947ರಲ್ಲಿ ರೂಪುಗೊಂಡ ದಕ್ಷಿಣ ಭಾರತ ಸಭೆಯ ಐಕ್ಯದ ವಾಗ್ವಾದವನ್ನು ಪರಿಚಯಿಸಿ, ಆ ವಾಗ್ವಾದವು ಕೈಬಿಟ್ಟ ಜನಬದುಕಿನ ಅಂಶಗಳನ್ನು ಗುರುತಿಸುವುದು ಪ್ರಸ್ತುತ ಲೇಖನದ ಉದ್ದೇಶವಾಗಿದೆ.

ಪಂಗಡವೆಂದರೆ ಸೀಮೆ

ಯೂರೋಪಿನಲ್ಲಿ ಪಂಗಡಗಳು ಹುಟ್ಟಿದ್ದು ಸಿದ್ಧಾಂತದ ಕಲಹ, ರಾಜಕೀಯ ಸಂಘರ್ಷ, ಹಿಂಸೆ ಹಾಗೂ ಯುದ್ಧಗಳ ನಡುವೆ. ಭಾರತದ ಹಳ್ಳಿಗೆ ಅವು ಬಂದ ಬಗೆಯೇ ಬೇರೆ. ಲಂಡನ್ ಮಿಶನ್ 1810ರಲ್ಲಿ ಬಳ್ಳಾರಿಯಲ್ಲಿಯೂ 1820ರಲ್ಲಿ ಬೆಂಗಳೂರಿನಲ್ಲಿಯೂ ನೆಲೆಯೂರಿತು. ವೆಸ್ಲಿಯನ್ ಮಿಶನ್ ಹಳೆಯ ಮೈಸೂರು ಸಂಸ್ಥಾನದ ಮೈಸೂರು, ತುಮಕೂರು, ಶಿವಮೊಗ್ಗ ಮೊದಲಾದ ಕಡೆಗಳಲ್ಲಿ ಕೆಲಸ ಮಾಡಿತು. ಬಾಸೆಲ್ ಮಿಶನ್ 1834ರಲ್ಲಿ ಮಂಗಳೂರಿಗೆ ಬಂದು, 1837ರಲ್ಲಿ ಧಾರವಾಡಕ್ಕೂ ಅನಂತರ ಹುಬ್ಬಳ್ಳಿ, ಬೆಟಗೇರಿಗಳಿಗೂ ವಿಸ್ತರಿಸಿತು. ಬೀದರ, ಕೋಲಾರ ಮುಂತಾದ ಭಾಗಗಳಲ್ಲಿ ಅಮೆರಿಕದ ಮೆಥೋಡಿಸ್ಟರು ಬೇರುಬಿಟ್ಟರು. ಒಂದು ಮಿಶನ್ ಕೆಲಸ ಮಾಡುವ ಸೀಮೆಗೆ ಇನ್ನೊಂದು ಮಿಶನ್ ಕಾಲಿಡಬಾರದೆಂಬ ತಿಳಿವಳಿಕೆಯೂ ಪ್ರಾಟೆಸ್ಟಂಟ್ ಮಿಶನ್‌ಗಳ ನಡುವೆ ಬೆಳೆಯಿತು.

ಇದರ ಪರಿಣಾಮ ಗಮನಾರ್ಹವಾದುದು. ತುಮಕೂರಿನ ಬಳಿಯ ಕುಟುಂಬವೊಂದು ವೆಸ್ಲಿಯನ್ ಆದದ್ದು ಜಾನ್ ವೆಸ್ಲಿಯ ಬೋಧನೆಯನ್ನು ಇತರರ ಬೋಧನೆಯೊಡನೆ ತೂಗಿನೋಡಿದ್ದರಿಂದಲ್ಲ. ಆ ಸೀಮೆಗೆ ಬಂದವರು ವೆಸ್ಲಿಯನ್ನರಾಗಿದ್ದುದರಿಂದ. ಜನರ ಬಾಯಲ್ಲಿ ಪಂಗಡದ ಹೆಸರು 'ಲಂಡನ್ ಮಿಶನ್', 'ಬಾಸೆಲ್ ಮಿಶನ್' ಎಂದು ಊರಿನ ಹೆಸರಿನಿಂದಲೇ ಉಳಿದದ್ದು ಇದಕ್ಕೆ ಪುಷ್ಟಿ ನೀಡುತ್ತದೆ. ನೋಡಿರದ ದೂರದ ಊರೊಂದರ ಹೆಸರು ಇಲ್ಲಿಯ ಮನೆತನಗಳ ಗುರುತಾಯಿತು.

ಬೆಳಗಾವಿಯ ನಿದರ್ಶನ ಇನ್ನೂ ಸ್ಪಷ್ಟವಾಗಿದೆ. ಅಲ್ಲಿ 19ನೆಯ ಶತಮಾನದ ಬಹುಭಾಗ ಕೆಲಸ ಮಾಡಿದ್ದು ಲಂಡನ್ ಮಿಶನ್. 20ನೆಯ ಶತಮಾನದ ಆರಂಭದಲ್ಲಿ ಆ ಕ್ಷೇತ್ರವನ್ನು ಅಮೆರಿಕದ ಮೆಥೋಡಿಸ್ಟರಿಗೆ ವಹಿಸಿಕೊಡಲಾಯಿತು. ಸಭೆಯ ಜನ ಅವರೇ, ಓದುವ ಸತ್ಯವೇದವೂ ಅದೇ, ಬದಲಾದದ್ದು ಪಂಗಡ. ಹಾಗಾಗಿ 1947ರಲ್ಲಿ ಬಳ್ಳಾರಿಯ ಲಂಡನ್ ಮಿಶನ್ ಸಭೆಗಳು ಐಕ್ಯದೊಳಗೆ ಬಂದಾಗ ಬೆಳಗಾವಿಯವರು ಹೊರಗೇ ಉಳಿಯಬೇಕಾಯಿತು. ಐಕ್ಯದ ಗಡಿಯನ್ನು ಅವರಿಗಾಗಿ ಗೀಚಿದ್ದು ನಾಲ್ಕು ದಶಕಗಳ ಹಿಂದಿನ ಒಂದು ಆಡಳಿತ ವ್ಯವಹಾರವೆಂದರೆ ತಪ್ಪಾಗಲಾರದು.

ತರಂಗಂಬಾಡಿಯಿಂದ ಮದರಾಸಿನವರೆಗೆ

ಒಂದೇ ದೇಶದ ಕ್ರೈಸ್ತರು ಪರದೇಶದ ಹಳೆಯ ಜಗಳಗಳನ್ನು ಏಕೆ ಹೊರಬೇಕೆಂಬ ಪ್ರಶ್ನೆಯನ್ನು ಭಾರತೀಯರೇ ಎತ್ತತೊಡಗಿದರು. 1908ರಲ್ಲಿ ಕಾಂಗ್ರಿಗೇಷನಲ್ ಹಾಗೂ ಪ್ರೆಸ್ಬಿಟೇರಿಯನ್ ಸಭೆಗಳು ಸೇರಿ ದಕ್ಷಿಣ ಭಾರತ ಐಕ್ಯ ಸಭೆಯನ್ನು ಕಟ್ಟಿಕೊಂಡವು. 1910ರಲ್ಲಿ ಹಲವು ಮಿಶನ್‌ಗಳ ಸಹಕಾರದಿಂದ ಬೆಂಗಳೂರಿನಲ್ಲಿ ಯುನೈಟೆಡ್ ಥಿಯಲಾಜಿಕಲ್ ಕಾಲೇಜು ಆರಂಭವಾಯಿತು. ಬೇರೆ ಬೇರೆ ಪಂಗಡಗಳ ಬೋಧಕರು ಒಂದೇ ಸೂರಿನಡಿ ಕಲಿತದ್ದು ಮುಂದಿನ ಬೆಳವಣಿಗೆಗೆ ನೆಲ ಹದಮಾಡಿತು.

1919ರ ಮೇ ತಿಂಗಳಲ್ಲಿ ತರಂಗಂಬಾಡಿಯಲ್ಲಿ ಸೇರಿದ ಬೋಧಕರ ಚಿಕ್ಕ ಗುಂಪೊಂದು ಐಕ್ಯಕ್ಕಾಗಿ ಹೇಳಿಕೆಯೊಂದನ್ನು ಹೊರಡಿಸಿತು. ಇಬ್ಬರನ್ನು ಬಿಟ್ಟರೆ ಅದರಲ್ಲಿದ್ದವರೆಲ್ಲ ಭಾರತೀಯರು. 1912ರಲ್ಲಿ ದೋರ್ನಕಲ್ಲಿನ ಬಿಷಪರಾಗಿ, ಆಂಗ್ಲಿಕನ್ ಸಭೆಯ ಮೊದಲ ಭಾರತೀಯ ಬಿಷಪರೆನಿಸಿದ ವಿ.ಎಸ್. ಅಜರಯ್ಯ ಇದರ ಮುಂದಾಳುಗಳಲ್ಲಿ ಒಬ್ಬರು. ಒಡೆದ ಸಭೆಗೆ ಸಾಕ್ಷ್ಯದ ಬಲವಿಲ್ಲ, ಈ ಒಡಕುಗಳು ನಮ್ಮ ನೆಲದಲ್ಲಿ ಹುಟ್ಟಿದವೂ ಅಲ್ಲ ಎಂಬುದು ಈ ಗುಂಪಿನ ನಿಲುವಿನ ಸಾರ. ಮರುವರ್ಷವೇ ಆರಂಭವಾದ ಅಧಿಕೃತ ಮಾತುಕತೆ 27 ವರ್ಷಗಳ ಕಾಲ ನಡೆಯಿತು. ಅಜರಯ್ಯನವರು ಅದರ ಫಲವನ್ನು ಕಾಣದೆ 1945ರಲ್ಲಿ ತೀರಿಕೊಂಡರು.

ವಾಗ್ವಾದದ ತಿರುಳು

ಇಷ್ಟು ದೀರ್ಘಕಾಲ ಚರ್ಚೆ ನಡೆಯಲು ಮುಖ್ಯ ಕಾರಣ ಬಿಷಪರ ಪದವಿ. ಆಂಗ್ಲಿಕನ್ ಪರಂಪರೆಯಲ್ಲಿ ಅಪೊಸ್ತಲರ ಕಾಲದಿಂದ ಕೈಯಿಂದ ಕೈಗೆ ಹರಿದುಬಂದ ಬಿಷಪರ ಸರಣಿಗೆ ವಿಶೇಷ ಮಹತ್ವವಿದೆ. ಬಿಷಪರು ತಲೆಯ ಮೇಲೆ ಕೈಯಿಟ್ಟು ಅಭಿಷೇಕಿಸಿದವನೇ ಸಂಸ್ಕಾರಗಳನ್ನು ನಡೆಸಲು ಅರ್ಹನೆಂಬುದು ಅಲ್ಲಿಯ ಕ್ರಮ. ಕಾಂಗ್ರಿಗೇಷನಲ್ ಪರಂಪರೆಯಲ್ಲಿ ಅಧಿಕಾರದ ನೆಲೆ ಆಯಾ ಊರಿನ ವಿಶ್ವಾಸಿಗಳ ಕೂಟ. ಪ್ರೆಸ್ಬಿಟೇರಿಯನ್ನರಲ್ಲಿ ಅದು ಹಿರಿಯರ ಮಂಡಳಿ. ಮೆಥೋಡಿಸ್ಟರಲ್ಲಿ ಬೋಧಕರನ್ನು ಊರಿಂದೂರಿಗೆ ಕಳುಹಿಸುವ ಸಮ್ಮೇಳನ.

ಈ ನಾಲ್ಕನ್ನೂ ಒಂದು ಚೌಕಟ್ಟಿಗೆ ತರುವುದು ಸುಲಭವಾಗಿರಲಿಲ್ಲ. ಬಿಷಪರಿಲ್ಲದ ಸಭೆಗಳ ಬೋಧಕರಿಗೆ ಮತ್ತೊಮ್ಮೆ ಅಭಿಷೇಕ ಮಾಡಬೇಕೆಂದರೆ ಅವರು ಅದುವರೆಗೆ ನಡೆಸಿದ ಸೇವೆಯೆಲ್ಲ ಊನವೆಂದು ಒಪ್ಪಿದಂತಾಗುತ್ತಿತ್ತು. ಮಾಡದೆ ಬಿಟ್ಟರೆ ಆಂಗ್ಲಿಕನ್ನರ ಪಾಲಿಗೆ ಪರಂಪರೆಯ ಸರಪಳಿಯೇ ಕಳಚಿದಂತೆ. ಎರಡೂ ಕಡೆ ಪಣಕ್ಕಿದ್ದುದು ಆತ್ಮಗೌರವ ಮತ್ತು ಆತ್ಮಸಾಕ್ಷಿ.

ಕೊನೆಗೆ ಕಂಡುಕೊಂಡ ದಾರಿ ಹೀಗಿತ್ತು. ಹೊಸ ಸಭೆಯಲ್ಲಿ ಬಿಷಪರಿರುತ್ತಾರೆ, ಆದರೆ ಅವರು ಸಂವಿಧಾನಕ್ಕೆ ಬದ್ಧರು. ಬಿಷಪರ ಪದವಿಯ ಬಗೆಗೆ ಇಂಥದೇ ವ್ಯಾಖ್ಯಾನವನ್ನು ನಂಬಬೇಕೆಂಬ ಕಟ್ಟಳೆಯಿಲ್ಲ. ಈಗಾಗಲೇ ಸೇವೆಯಲ್ಲಿರುವ ಬೋಧಕರೆಲ್ಲ ಮರು ಅಭಿಷೇಕವಿಲ್ಲದೆ ಹೊಸ ಸಭೆಯ ಬೋಧಕರಾಗುತ್ತಾರೆ. ಮುಂದೆ ಬರುವವರಿಗೆ ಮಾತ್ರ ಬಿಷಪರಿಂದ ಅಭಿಷೇಕ. ಯಾವ ಸಭೆಯ ಮೇಲೂ ಅದರ ಆತ್ಮಸಾಕ್ಷಿಗೆ ಒಪ್ಪದ ಬೋಧಕನನ್ನು ಹೇರುವುದಿಲ್ಲ. ಎರಡು ಕ್ರಮಗಳೂ ಜೊತೆಜೊತೆಗೆ ಸಾಗಲು 30 ವರ್ಷಗಳ ಅವಧಿಯನ್ನು ಇಟ್ಟುಕೊಳ್ಳಲಾಯಿತು. ಬಗೆಹರಿಯದ ಪ್ರಶ್ನೆಯನ್ನು ಕಾಲದ ಕೈಗೊಪ್ಪಿಸಿದ ಈ ವಿವೇಕ ಇಡೀ ಯೋಜನೆಯ ಜೀವಾಳವೆನ್ನಬಹುದು.

ವಿರೋಧವೂ ತೀವ್ರವಾಗಿತ್ತು. ಇಂಗ್ಲೆಂಡಿನ ಸಂಪ್ರದಾಯನಿಷ್ಠ ಆಂಗ್ಲಿಕನ್ನರು ಇದನ್ನು ಸತ್ಯದೊಡನೆ ಮಾಡಿಕೊಂಡ ರಾಜಿಯೆಂದು ಕರೆದರು. ಕವಿ ಟಿ.ಎಸ್. ಎಲಿಯಟ್ 1943ರಲ್ಲಿ 'ರೀಯೂನಿಯನ್ ಬೈ ಡಿಸ್ಟ್ರಕ್ಷನ್' ಎಂಬ ಕಿರುಹೊತ್ತಗೆಯಲ್ಲಿ ಈ ಯೋಜನೆಯನ್ನು ಖಂಡಿಸಿದರು. ಮಾತಿನ ಅಸ್ಪಷ್ಟತೆಯಿಂದ ಕಟ್ಟಿದ ಐಕ್ಯ ನಿಲ್ಲದೆಂಬ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಇದಕ್ಕೆ ಪ್ರತಿಯಾಗಿ, ಮುಂದೆ ಮದುರೆ ಭಾಗದ ಬಿಷಪರಾದ ಲೆಸ್ಲಿ ನ್ಯೂಬಿಗಿನ್ ಮೊದಲಾದವರು ಐಕ್ಯದ ಪರವಾಗಿ ವಾದ ಮಂಡಿಸಿದರು.

1947ರ ಸೆಪ್ಟೆಂಬರ್ 27ರಂದು, ದೇಶ ಸ್ವತಂತ್ರವಾದ ಸುಮಾರು ಆರು ವಾರಗಳ ನಂತರ, ಮದರಾಸಿನ ಸೇಂಟ್ ಜಾರ್ಜ್ ಕೆಥೆಡ್ರಲ್‌ನಲ್ಲಿ ದಕ್ಷಿಣ ಭಾರತ ಸಭೆ ಉದ್ಘಾಟನೆಗೊಂಡಿತು. ಆರಂಭದಲ್ಲಿ 14 ಸಭಾಪ್ರಾಂತಗಳಿದ್ದವು. ಮೈಸೂರು ಸಭಾಪ್ರಾಂತಕ್ಕೆ ಮೆಥೋಡಿಸ್ಟ್ ಹಿನ್ನೆಲೆಯ ಪಿ. ಗುರುಶಾಂತ ಅವರು ಮೊದಲ ಬಿಷಪರಾದರು. ಬಿಷಪರನ್ನೇ ಅರಿಯದ ವೆಸ್ಲಿಯನ್ ಸಭೆಗಳಿಗೆ ಕನ್ನಡಿಗರೇ ಬಿಷಪರಾಗಿ ದೊರೆತದ್ದು ಚಾರಿತ್ರಿಕವಾಗಿ ಮಹತ್ವದ ಸಂಗತಿ.

ವಾಗ್ವಾದ ಕೈಬಿಟ್ಟ ಸಂಗತಿಗಳು

ಈ ಚರ್ಚೆಯೆಲ್ಲ ನಡೆದದ್ದು ಬಹುಪಾಲು ಇಂಗ್ಲಿಷಿನಲ್ಲಿ, ಪದವಿಯಲ್ಲಿದ್ದವರ ನಡುವೆ. ಹಳ್ಳಿಯ ವಿಶ್ವಾಸಿಗೆ ಅಪೊಸ್ತಲ ಪರಂಪರೆಯ ಸೂಕ್ಷ್ಮಗಳಿಗಿಂತ ಹತ್ತಿರವಾಗಿದ್ದುದು ಹಾಡು, ಹಬ್ಬ, ಮದುವೆ ಮತ್ತು ಮಣ್ಣು. ಈ ನೆಲೆಯಲ್ಲಿ ನೋಡಿದರೆ ಎರಡು ವಿರುದ್ಧ ಸಂಗತಿಗಳು ಕಾಣುತ್ತವೆ.

ಮೊದಲನೆಯದು, ಕಾಗದದ ಮೇಲಿನ ಐಕ್ಯಕ್ಕಿಂತ ಮೊದಲೇ ಭಾಷೆಯ ಮೂಲಕ ಒಂದು ಐಕ್ಯ ಬೆಳೆದಿತ್ತು. ಬಳ್ಳಾರಿಯಲ್ಲಿ ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸ್ ಆರಂಭಿಸಿದ ಸತ್ಯವೇದದ ಕನ್ನಡ ಅನುವಾದವು ಮುಂದೆ ಪರಿಷ್ಕಾರಗೊಳ್ಳುತ್ತಾ ಎಲ್ಲ ಪ್ರಾಟೆಸ್ಟಂಟ್ ಕನ್ನಡಿಗರ ಸೊತ್ತಾಯಿತು. ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯ, ಬೆಂಗಳೂರಿನ ವೆಸ್ಲಿಯನ್ ಮುದ್ರಣಾಲಯಗಳ ಪುಸ್ತಕಗಳು ಪಂಗಡದ ಗಡಿಯನ್ನು ದಾಟಿದವು. ಕಿಟ್ಟೆಲ್ಲರ 1894ರ ನಿಘಂಟಿಗಂತೂ ಧರ್ಮದ ಗಡಿಯೂ ಇರಲಿಲ್ಲ. ಲೂಥರನ್ ಮತ್ತು ರಿಫಾರ್ಮ್ಡ್ ಪರಂಪರೆಗಳೆರಡರವರನ್ನೂ ಒಳಗೊಂಡು 1815ರಲ್ಲಿ ಸ್ಥಾಪನೆಯಾದ ಬಾಸೆಲ್ ಮಿಶನ್ ತಾನೇ ಒಂದು ಬಗೆಯ ಐಕ್ಯದ ಕೂಸು ಎಂಬುದನ್ನೂ ಇಲ್ಲಿ ನೆನೆಯಬೇಕು. ಇನ್ನು ಹಬ್ಬಗಳ ವಿಷಯಕ್ಕೆ ಬಂದರೆ, ಪ್ರಾಟೆಸ್ಟಂಟ್ ಸಭೆಗಳ ಸುಗ್ಗಿ ಹಬ್ಬದಲ್ಲಿ ಹೊಲ ಹಿತ್ತಲುಗಳ ಫಲವನ್ನು ತಂದೊಪ್ಪಿಸಿ ಹರಾಜು ಹಾಕುವ ರೂಢಿಯಿದೆ. ಕರಾವಳಿಯ ಕೊಂಕಣಿ ಕೆಥೋಲಿಕರು ಸೆಪ್ಟೆಂಬರ್ 8ರಂದು ಮೊಂತಿ ಹಬ್ಬದಲ್ಲಿ ಹೊಸ ತೆನೆಯನ್ನು ಮನೆದುಂಬಿಸಿಕೊಂಡು ಹೊಸ ಅಕ್ಕಿಯ ಊಟ ಮಾಡುತ್ತಾರೆ. ಸಿದ್ಧಾಂತದಲ್ಲಿ ದೂರವಿರುವ ಎರಡು ಪಂಗಡಗಳು ಕೃಷಿಸಂಸ್ಕೃತಿಯ ಒಂದೇ ಆಶಯವನ್ನು ಬೇರೆ ಬೇರೆ ವಿಧಿಗಳಲ್ಲಿ ಪಾಲಿಸುತ್ತಿವೆ.

ಎರಡನೆಯದು, ಐಕ್ಯದ ಕರಾರು ಮುಟ್ಟದ ಬಿರುಕುಗಳು. ಮತಾಂತರವು ಹಲವೆಡೆ ಬಂಧುಬಳಗದ ಗುಂಪುಗಳಾಗಿ ನಡೆದುದರಿಂದ ಪಂಗಡದ ಗಡಿಯ ಹಿಂದೆ ಜಾತಿಯ ಗಡಿಯೂ ಸೇರಿಕೊಂಡಿತ್ತು. ಬೋಧಕರ ಅಧಿಕಾರದ ಪ್ರಶ್ನೆಗೆ 30 ವರ್ಷಗಳ ಸೂತ್ರ ದೊರೆಯಿತು. ಯಾರ ಮನೆಗೆ ಹೆಣ್ಣು ಕೊಡಬಹುದೆಂಬ ಪ್ರಶ್ನೆಗೆ ಯಾವ ಸೂತ್ರವೂ ಇರಲಿಲ್ಲ. 1950ರ ಪರಿಶಿಷ್ಟ ಜಾತಿಗಳ ಆದೇಶದ ಪ್ರಕಾರ ಕ್ರೈಸ್ತರಾದ ದಲಿತರಿಗೆ ಪರಿಶಿಷ್ಟ ಜಾತಿಯ ಮಾನ್ಯತೆ ಇಲ್ಲ. ಈ ವಂಚಿತ ಸ್ಥಿತಿ ಮಾತ್ರ ಎಲ್ಲ ಪಂಗಡಗಳ ದಲಿತ ಕ್ರೈಸ್ತರಿಗೂ ಸಮಾನವಾಗಿರುವುದು ವಿಪರ್ಯಾಸ. ಭಾಷೆಯೂ ಒಮ್ಮೊಮ್ಮೆ ಒಡೆಯುವ ಶಕ್ತಿಯಾಗುತ್ತದೆ. ಎರಡನೆಯ ವ್ಯಾಟಿಕನ್ ಮಹಾಸಭೆಯ (1962-65) ತರುವಾಯ ಕೆಥೋಲಿಕರ ಪೂಜೆ ಲ್ಯಾಟಿನ್‌ನಿಂದ ದೇಶಭಾಷೆಗಳಿಗೆ ಬಂದಾಗ, ಬೆಂಗಳೂರಿನಲ್ಲಿ ಆ ದೇಶಭಾಷೆ ಯಾವುದೆಂಬುದೇ ದೀರ್ಘ ವಿವಾದವಾಯಿತು. ಒಂದೇ ಪೀಠಕ್ಕೆ ವಿಧೇಯವಾದ ಸಭೆಯೊಳಗೂ ಕನ್ನಡ, ತಮಿಳುಗಳ ನಡುವಿನ ಗೋಡೆ ಎದ್ದಿತು.

ಐಕ್ಯದ ನಂತರ

ಐಕ್ಯವೆಂಬುದು ಒಂದು ದಿನದಲ್ಲಿ ಮುಗಿಯುವ ಘಟನೆಯಲ್ಲವೆಂಬುದನ್ನು ಮುಂದಿನ ಬೆಳವಣಿಗೆಗಳು ತೋರಿಸುತ್ತವೆ. ಮುಂಬಯಿ ಪ್ರಾಂತದ ಬಾಸೆಲ್ ಮಿಶನ್ ಸಭೆಗಳು ದಕ್ಷಿಣ ಭಾರತ ಸಭೆಯನ್ನು ಸೇರಿದ್ದು ತಡವಾಗಿ. 1970ರಲ್ಲಿ ಕರ್ನಾಟಕದ ಸಭೆಗಳು ಧಾರವಾಡ, ಮಂಗಳೂರು, ಬೆಂಗಳೂರು ಕೇಂದ್ರಗಳುಳ್ಳ ಉತ್ತರ, ದಕ್ಷಿಣ, ಮಧ್ಯ ಸಭಾಪ್ರಾಂತಗಳಾಗಿ ವಿಂಗಡಣೆಗೊಂಡವು. ಬಾಸೆಲ್ ಮಿಶನ್ನಿನ ಕರಾವಳಿ ಮತ್ತು ವೆಸ್ಲಿಯನ್ನರ ಮೈಸೂರು ಸೀಮೆ ಆಗ ಒಂದೇ ಸಭಾಪ್ರಾಂತದಲ್ಲಿ ಜೊತೆಯಾದವು. ಅದೇ ವರ್ಷ ನಾಗಪುರದಲ್ಲಿ ಉತ್ತರ ಭಾರತ ಸಭೆ ಸ್ಥಾಪನೆಯಾಯಿತು. ಅಮೆರಿಕ ಮೂಲದ ಮೆಥೋಡಿಸ್ಟರು ಕೊನೆಯ ಹಂತದಲ್ಲಿ ಅದರಿಂದ ಹಿಂದೆ ಸರಿದು, 1981ರಲ್ಲಿ ಸ್ವಾಯತ್ತ ಸಭೆಯಾದರು. ಲೂಥರನರೊಡನೆ ದೀರ್ಘ ಸಂವಾದ ನಡೆದರೂ ಅದು ವಿಲೀನದಲ್ಲಿ ಕೊನೆಗೊಳ್ಳಲಿಲ್ಲ.

ಆಚರಣೆಯ ಮಟ್ಟದಲ್ಲಿ ಆದ ಬದಲಾವಣೆ ಹೆಚ್ಚು ಆಳವಾದುದು. 1950ರಲ್ಲಿ ಬಳಕೆಗೆ ಬಂದ ಕರ್ತನ ಭೋಜನದ ಕ್ರಮದಲ್ಲಿ, ವಿಶ್ವಾಸಿಗಳು ಒಬ್ಬರಿಂದೊಬ್ಬರಿಗೆ ಅಂಗೈಗಳ ಮೂಲಕ ಸಮಾಧಾನವನ್ನು ದಾಟಿಸುವ ವಿಧಿ ಸೇರಿತು. ಇದು ಸಿರಿಯನ್ ಪರಂಪರೆಯಿಂದ ಪಡೆದದ್ದು. ಪಕ್ಕದವನ ಕೈಯನ್ನು ಮುಟ್ಟದೆ ನಡೆಯದ ಈ ವಿಧಿಯು ಮುಟ್ಟುವಿಕೆಯೇ ಸಮಸ್ಯೆಯಾಗಿದ್ದ ಸಮಾಜದಲ್ಲಿ ಪಡೆಯುವ ಅರ್ಥ ವಿಶಿಷ್ಟವಾದುದು. ನಂದ್ಯಾಲದ ಕಥೆಯೂ ಇಲ್ಲಿ ಉಲ್ಲೇಖನೀಯ. ಅಲ್ಲಿಯ ಆಂಗ್ಲಿಕನ್ನರಲ್ಲಿ ದೊಡ್ಡ ಭಾಗವು 1947ರಲ್ಲಿ ಪರಂಪರೆಯ ನಿಷ್ಠೆಯಿಂದ ಐಕ್ಯದ ಹೊರಗುಳಿದು, 1970ರ ದಶಕದಲ್ಲಿ ಒಳಬಂದಿತು. ಅದೇ ನಂದ್ಯಾಲ ಸಭಾಪ್ರಾಂತದಲ್ಲಿ 2013ರಲ್ಲಿ ಇ. ಪುಷ್ಪಲಲಿತಾ ಅವರು ದಕ್ಷಿಣ ಭಾರತ ಸಭೆಯ ಮೊದಲ ಮಹಿಳಾ ಬಿಷಪರಾದರು.

ಸಮಾರೋಪ

ಒಟ್ಟಿನಲ್ಲಿ, ದಕ್ಷಿಣ ಭಾರತದ ಐಕ್ಯವು ಬಿಷಪರ ಪದವಿಯ ಕಠಿಣ ಪ್ರಶ್ನೆಗೆ ತಾಳ್ಮೆಯ ಉತ್ತರವನ್ನು ಕಂಡುಕೊಂಡಿತು. ಪಂಗಡಗಳು ಜನರ ಆಯ್ಕೆಗಿಂತ ಹೆಚ್ಚಾಗಿ ಮಿಶನ್‌ಗಳ ಸೀಮಾವಿಭಜನೆಯಿಂದ ರೂಪುಗೊಂಡಿದ್ದ ಕಾರಣ, ಸಿದ್ಧಾಂತದ ತೊಡಕು ಬಿಡಿಸಿದೊಡನೆ ಸಾಮಾನ್ಯ ವಿಶ್ವಾಸಿಗಳಿಗೆ ಒಂದಾಗುವುದು ಅಷ್ಟೇನೂ ಕಷ್ಟವಾಗಲಿಲ್ಲ. ಜಾತಿ, ಭಾಷೆ, ಆಸ್ತಿ, ಮದುವೆಗಳಿಗೆ ಸಂಬಂಧಿಸಿದ ಭೇದಗಳಾದರೋ ಈ ನೆಲದಲ್ಲಿಯೇ ಬೇರೂರಿದವು. ಅವುಗಳಿಗೆ ವಿದೇಶದ ಚರಿತ್ರೆಯನ್ನು ಹೊಣೆಮಾಡುವಂತಿಲ್ಲ. ತರಂಗಂಬಾಡಿಯಲ್ಲಿ ಸೇರಿದ್ದವರು ಪರದೇಶದ ಒಡಕುಗಳನ್ನು ಹೊರಲು ನಿರಾಕರಿಸಿದರು. ಸ್ವದೇಶದ ಒಡಕುಗಳ ಬಗೆಗೂ ಅಷ್ಟೇ ದೀರ್ಘವಾದ, ಅಷ್ಟೇ ಪ್ರಾಮಾಣಿಕವಾದ ಮಾತುಕತೆ ನಡೆಯಬೇಕಾಗಿದೆ. ಆ ಮಾತುಕತೆಗೆ ಬೇಕಾದ ಸಾಮಗ್ರಿ ಸಿನೊಡ್‌ಗಳ ದಾಖಲೆಗಳಿಗಿಂತ ಸಭೆಯ ಹಾಡು, ಹಬ್ಬ ಮತ್ತು ವಿಧಿಗಳಲ್ಲಿ ಹೆಚ್ಚಾಗಿ ದೊರೆಯುತ್ತದೆ. ಕನ್ನಡ ಕ್ರೈಸ್ತ ಜನಪದದ ವ್ಯವಸ್ಥಿತ ಸಂಗ್ರಹ ಮತ್ತು ಅಧ್ಯಯನಗಳು ಈ ದೃಷ್ಟಿಯಿಂದ ತುರ್ತಾಗಿ ಆಗಬೇಕಾದ ಕೆಲಸವಾಗಿವೆ.