ಒಲೆಗೆ ಬೀಳದ ಟಿಪ್ಪಣಿ

ಭಾರತದ ಭಾಷೆಗಳೆಲ್ಲ ಸಂಸ್ಕೃತದ ಮಕ್ಕಳು ಎಂಬುದು 19ನೆಯ ಶತಮಾನದ ಆರಂಭದಲ್ಲಿ ಕಲ್ಕತ್ತೆಯ ದೊಡ್ಡ ವಿದ್ವಾಂಸರ ತೀರ್ಮಾನವಾಗಿತ್ತು. ಸಂಸ್ಕೃತ, ಗ್ರೀಕ್, ಲ್ಯಾಟಿನ್‌ಗಳು ಒಂದೇ ಬಳ್ಳಿಯವು ಎಂದು 1786ರಲ್ಲಿ ವಿಲಿಯಂ ಜೋನ್ಸ್ ಸಾರಿದ್ದರು. ಕೋಲ್‌ಬ್ರುಕ್, ವಿಲಿಯಂ ಕೇರಿಯಂಥವರು ತೆಲುಗು, ಕನ್ನಡಗಳನ್ನೂ ಸಂಸ್ಕೃತದ ಮನೆಗೇ ಸೇರಿಸಿದ್ದರು. ಹಾಗನ್ನಿಸಿದ್ದು ಸಹಜವೇ. ದಕ್ಷಿಣದ ಯಾವ ಕಾವ್ಯ ಬಿಡಿಸಿದರೂ ಸಂಸ್ಕೃತದ ಶಬ್ದಗಳು ಸಾಲುಸಾಲಾಗಿ ಎದುರಾಗುತ್ತಿದ್ದವು.

ಮದರಾಸಿನ ಕಲೆಕ್ಟರ್ ಫ್ರಾನ್ಸಿಸ್ ವೈಟ್ ಎಲ್ಲಿಸ್‌ಗೆ ಮಾತ್ರ ಈ ಮಾತು ಒಪ್ಪಿಗೆಯಾಗಲಿಲ್ಲ. 1796ರಲ್ಲಿ ಕಂಪನಿಯ ಗುಮಾಸ್ತನಾಗಿ ಬಂದಿದ್ದ ಆತ ತಮಿಳನ್ನು ಆಳವಾಗಿ ಕಲಿತಿದ್ದ. 1812ರಲ್ಲಿ ಎಳೆಯ ಅಧಿಕಾರಿಗಳಿಗೆ ದೇಶಭಾಷೆ ಕಲಿಸಲು ಸೇಂಟ್ ಜಾರ್ಜ್ ಕೋಟೆಯ ಕಾಲೇಜು ಶುರುವಾದಾಗ ಅದರ ಹಿಂದಿನ ಮುಖ್ಯ ಶಕ್ತಿ ಅವನೇ. ಅಲ್ಲಿ ತಮಿಳು, ತೆಲುಗು, ಕನ್ನಡ, ಸಂಸ್ಕೃತಗಳ ಪಾಠ ಒಂದೇ ಸೂರಿನಡಿ ನಡೆಯತೊಡಗಿತು. ಕಲ್ಕತ್ತೆಯಲ್ಲಿ ಕುಳಿತವರಿಗೆ ಸಿಗದ ಅದೃಷ್ಟವದು.

ಕಾಲೇಜಿನ ಪಂಡಿತ ಪಟ್ಟಾಭಿರಾಮ ಶಾಸ್ತ್ರಿಗಳು ತೆಲುಗಿನ ಧಾತುಗಳನ್ನು ಪಟ್ಟಿ ಮಾಡಿದರು. ಎಲ್ಲಿಸ್ ಅದನ್ನು ಸಂಸ್ಕೃತದ ಧಾತುಗಳ ಪಕ್ಕದಲ್ಲಿಟ್ಟು ನೋಡಿದ. ತಾಳೆಯಾಗಲಿಲ್ಲ. ತಮಿಳು, ಕನ್ನಡಗಳ ಧಾತುಗಳ ಪಕ್ಕದಲ್ಲಿಟ್ಟ. ಸಾಲು ಸಾಲೇ ಕೂಡಿಬಂತು. ಕನ್ನಡದ ‘ಅಡಗು’ ತಮಿಳಿನಲ್ಲಿ ‘ಅಡಂಗು’, ತೆಲುಗಿನಲ್ಲಿ ‘ಅಡಗು’. ಇಂಥ ನಂಟು ಎರವಲಿನಿಂದ ಹುಟ್ಟುವುದಲ್ಲ. ಹುಡುಕಾಟದ ದಾರಿಯನ್ನೂ ದೇಶೀ ವೈಯಾಕರಣರೇ ಸವೆಸಿಟ್ಟಿದ್ದರು: ತತ್ಸಮ, ತದ್ಭವಗಳನ್ನು ತೆಗೆದಿಟ್ಟ ಮೇಲೂ ದೇಶ್ಯವೆಂಬ ದೊಡ್ಡ ರಾಶಿ ಉಳಿಯುತ್ತದೆಂದು ಅವರು ಬಹಳ ಹಿಂದೆಯೇ ಗುರುತಿಸಿದ್ದರು.

ಆದರೆ ಎಲ್ಲಿಸ್‌ದು ವಿಚಿತ್ರ ಹಟ. ನಲವತ್ತು ತುಂಬುವವರೆಗೂ ಅಭ್ಯಾಸವೇ ಹೊರತು ದೊಡ್ಡ ಗ್ರಂಥ ಹೊರತರುವುದಿಲ್ಲವೆಂದು ಆತ ನಿಶ್ಚಯಿಸಿಕೊಂಡಿದ್ದ. ಅಷ್ಟರಲ್ಲಿ ಸಹೋದ್ಯೋಗಿ ಕ್ಯಾಂಬೆಲ್ ಬರೆದ ತೆಲುಗು ವ್ಯಾಕರಣ 1816ರಲ್ಲಿ ಕಾಲೇಜಿನ ಅಚ್ಚುಕೂಟದಿಂದ ಹೊರಬಂತು. ಅದರ ಪೀಠಿಕೆಗೆ ಎಲ್ಲಿಸ್ ಒಂದು ಟಿಪ್ಪಣಿ ಬರೆದುಕೊಟ್ಟ. ಧಾತು, ಶಬ್ದ, ವಾಕ್ಯರಚನೆ ಮೂರರಲ್ಲೂ ತನ್ನ ವಾದವನ್ನು ಅಲ್ಲೇ ಸಾಧಿಸಿ ತೋರಿಸಿದ.

1819ರ ಮಾರ್ಚ್‌ನಲ್ಲಿ ರಾಮನಾಡಿನಲ್ಲಿ, ಆಕಸ್ಮಿಕವಾಗಿ ವಿಷ ಹೊಟ್ಟೆಗೆ ಸೇರಿ ಎಲ್ಲಿಸ್ ತೀರಿಹೋದ. ನಲವತ್ತು ಆಗಷ್ಟೇ ದಾಟಿತ್ತು. ಬರೆದಿಟ್ಟ ಹಾಳೆಗಳು ದಿಕ್ಕಾಪಾಲಾದವು. ಮಧುರೆಯ ಅಧಿಕಾರಿಯೊಬ್ಬನ ಅಡುಗೆಯವನು ತಿಂಗಳುಗಟ್ಟಲೆ ಒಲೆ ಹೊತ್ತಿಸಲು, ಕೋಳಿಯ ಪುಕ್ಕ ಸುಡಲು ಅವನ್ನೇ ಬಳಸಿದನೆಂದು ವಾಲ್ಟರ್ ಎಲಿಯಟ್ ಮುಂದೆ ದಾಖಲಿಸಿದ. ವರ್ಷಗಳ ದುಡಿಮೆ ಹೀಗೆ ಬೂದಿಯಾದದ್ದನ್ನು ನೆನೆದರೆ ಹೊಟ್ಟೆ ಉರಿಯುತ್ತದೆ.

ಇನ್ನೊಬ್ಬರ ಪುಸ್ತಕದಲ್ಲಿ ಅಚ್ಚಾಗಿದ್ದ ಆ ಟಿಪ್ಪಣಿ ಮಾತ್ರ ಬದುಕಿತು. ಅದು ಹೇಳಿದ್ದಿಷ್ಟು: ತಮಿಳು, ತೆಲುಗು, ಕನ್ನಡ, ಮಲಯಾಳ, ತುಳು, ಕೊಡಗುಗಳು ಸಂಸ್ಕೃತದಿಂದ ಹುಟ್ಟಿದವಲ್ಲ, ಅವು ಒಂದೇ ಬೇರೆ ಕುಟುಂಬದವು, ಸಂಸ್ಕೃತದ ಶಬ್ದಗಳು ಅವಕ್ಕೆ ಆಮೇಲೆ ಸೇರಿದವು. ದೂರದ ರಾಜಮಹಲ್ ಬೆಟ್ಟದವರ ನುಡಿಯಲ್ಲೂ ಎಲ್ಲಿಸ್ ಅದೇ ನಂಟನ್ನು ಕಂಡಿದ್ದ. ನಲವತ್ತು ವರ್ಷಗಳ ಬಳಿಕ, 1856ರಲ್ಲಿ, ಕಾಲ್ಡ್‌ವೆಲ್ ಈ ಕುಟುಂಬವನ್ನು ದ್ರಾವಿಡವೆಂದು ಕರೆದು ವಿಸ್ತಾರವಾದ ವ್ಯಾಕರಣ ಬರೆದ. ಕೀರ್ತಿಯೂ ಅವನಿಗೇ ಸಂದಿತು. ಮೊದಲ ಸಾಕ್ಷ್ಯ ಕೂಡಿಸಿದವರು ಎಲ್ಲಿಸ್ ಮತ್ತು ಆ ಕಾಲೇಜಿನ ಪಂಡಿತರು.