ಕಾಯುವುದನ್ನು ಕಲಿಸಿದ ಸ್ಪೀಚ್ ಮಿಸ್

ಹಾಜರಿ ಕರೆಯುವಾಗ ಎಲ್ಲರೂ ‘ಪ್ರೆಸೆಂಟ್ ಮಿಸ್’ ಎನ್ನುತ್ತಿದ್ದರೆ ನಾನು ಮಾತ್ರ ಎದ್ದು ನಿಂತು ಕೈ ಎತ್ತುತ್ತಿದ್ದೆ. ನನ್ನ ಬಾಯಿಂದ ‘ಪ್ರ’ ಹೊರಡುತ್ತಿರಲಿಲ್ಲ. ದುರದೃಷ್ಟಕ್ಕೆ ನನ್ನ ಹೆಸರು ಶುರುವಾಗುವುದೂ ಅದೇ ಅಕ್ಷರದಿಂದ. ಯಾರಾದರೂ ಹೆಸರು ಕೇಳಿದರೆ ತುಟಿ ಬಿಗಿದು, ಕಣ್ಣು ಮುಚ್ಚಿ ಒದ್ದಾಡುತ್ತಿದ್ದೆ. ತಡೆಯಲಾರದೆ ಪಕ್ಕದಲ್ಲಿದ್ದ ಅಮ್ಮನೇ ಹೇಳಿಬಿಡುತ್ತಿದ್ದಳು. ಅಜ್ಜಿ ಬಜೆ ತೇಯ್ದು ನಾಲಿಗೆಗೆ ಹಚ್ಚಿದ್ದೂ ಆಯಿತು, ದೇವರಿಗೆ ಹರಕೆ ಹೊತ್ತಿದ್ದೂ ಆಯಿತು. ಕ್ಲಾಸಿನಲ್ಲಿ ನನಗೆ ‘ಸ್ಕೂಟರ್’ ಎಂಬ ಹೆಸರು ಬಿದ್ದಿತ್ತು. ಎಷ್ಟು ಕಿಕ್ ಹೊಡೆದರೂ ಸ್ಟಾರ್ಟ್ ಆಗದ ಸ್ಕೂಟರ್!

ನಾಲ್ಕನೇ ತರಗತಿಯಲ್ಲಿದ್ದಾಗ ಮೈಸೂರಿನ ನಮ್ಮ ಶಾಲೆಯ ಮೆಟ್ಟಿಲ ಪಕ್ಕದ ಪುಟ್ಟ ಕೋಣೆಗೆ ನನ್ನನ್ನು ಕಳುಹಿಸಿದರು. ಅಲ್ಲಿದ್ದವರು ಶಾಲೆಯ ಸ್ಪೀಚ್ ಥೆರಪಿಸ್ಟ್. ಮಕ್ಕಳ ಬಾಯಲ್ಲಿ ‘ಸ್ಪೀಚ್ ಮಿಸ್’. ಮಾನಸಗಂಗೋತ್ರಿಯ ಆಯಿಷ್‌ನಲ್ಲಿ, ಅಂದರೆ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಓದಿದವರು. ಕೋಣೆಯಲ್ಲಿ ಇದ್ದದ್ದು ಒಂದು ಕನ್ನಡಿ, ಚಿತ್ರದ ಕಾರ್ಡುಗಳು, ಹಳೆಯ ಟೇಪ್ ರೆಕಾರ್ಡರ್, ಅಷ್ಟೆ.

ಮೊದಲ ದಿನ ಅವರೂ ಹೆಸರೇ ಕೇಳಿದರು. ನಾನು ಸಿಕ್ಕಿಹಾಕಿಕೊಂಡೆ. ಅವರು ಗಡಿಯಾರ ನೋಡಲಿಲ್ಲ, ಮುಖ ತಿರುಗಿಸಲಿಲ್ಲ, ‘ನಿಧಾನವಾಗಿ ಹೇಳು’ ಎಂದೂ ಅನ್ನಲಿಲ್ಲ. ಸುಮ್ಮನೆ ಕಾದರು. ಕೊನೆಗೂ ಹೆಸರು ಹೊರಬಂತು. ‘ಒಳ್ಳೆ ಹೆಸರು ಕಣೋ’ ಅಂದರು. ನನ್ನ ಹೆಸರನ್ನು ನಾನೇ ಪೂರ್ತಿ ಹೇಳಲು ಬಿಟ್ಟ ಮೊದಲ ಹೊಸಬರು ಅವರು.

ಆ ಕೋಣೆಯಲ್ಲಿ ನಾನೊಬ್ಬನೇ ಇರಲಿಲ್ಲ. ‘ಕಾಗೆ’ಯನ್ನು ‘ತಾಗೆ’ ಎನ್ನುವ ಯುಕೆಜಿ ಹುಡುಗನಿದ್ದ. ಕಿವಿಗೆ ಹಿಯರಿಂಗ್ ಏಡ್ ಹಾಕಿಕೊಂಡ ಹುಡುಗಿಯೊಬ್ಬಳಿದ್ದಳು. ಪ, ಬ, ಮ ಮೂರಕ್ಕೂ ತುಟಿ ಒಂದೇ ಥರ ಮುಚ್ಚುತ್ತದೆ, ಕನ್ನಡಿಯಲ್ಲಿ ವ್ಯತ್ಯಾಸ ಕಾಣುವುದಿಲ್ಲ. ಮಿಸ್ ಅವಳ ಕೈಯನ್ನು ತಮ್ಮ ಗಂಟಲ ಮೇಲಿಟ್ಟು ‘ಬ’ ಎನ್ನುತ್ತಿದ್ದರು, ಅವಳ ಬೆರಳನ್ನು ಮೂಗಿನ ಮೇಲಿಟ್ಟು ‘ಮ’ ಎನ್ನುತ್ತಿದ್ದರು. ಕಿವಿಗೆ ಸರಿಯಾಗಿ ಸಿಗದ ಅಕ್ಷರ ಬೆರಳಿಗೆ ಸಿಗುತ್ತಿತ್ತು. ಇಂದು ಎಂಜಿನಿಯರಿಂಗ್ ಲ್ಯಾಬಿನಲ್ಲಿ ವೈಬ್ರೇಷನ್ ಸೆನ್ಸರ್ ಹಿಡಿದಾಗಲೆಲ್ಲ ನನಗೆ ಆ ಹುಡುಗಿಯ ಬೆರಳು ನೆನಪಾಗುತ್ತದೆ.

ತೊದಲು ಸಾಮಾನ್ಯವಾಗಿ 2ರಿಂದ 5 ವರ್ಷದೊಳಗೆ ಶುರುವಾಗುತ್ತದೆ, ಹೆಚ್ಚಿನ ಮಕ್ಕಳಿಗೆ ಬೆಳೆಯುತ್ತಾ ಹೋಗಿಬಿಡುತ್ತದೆ, ದೊಡ್ಡವರಾದ ಮೇಲೂ ಉಳಿಯುವುದು 100 ಜನರಲ್ಲಿ ಹೆಚ್ಚುಕಡಿಮೆ ಒಬ್ಬರಿಗೆ ಎಂದು ಅವರೇ ಹೇಳಿದ್ದರು. ಅದು ಹೆದರಿಕೆಯಿಂದ ಬಂದ ರೋಗವಲ್ಲ, ದಡ್ಡತನವಂತೂ ಅಲ್ಲವೇ ಅಲ್ಲ. ‘ತುಟಿಗಳನ್ನು ಒತ್ತಬೇಡ, ಮೆಲ್ಲಗೆ ಮುಟ್ಟಿಸು. ಸಿಕ್ಕಿಕೊಂಡರೆ ಪದ ಮುಗಿಸಿ, ಒಂದು ಕ್ಷಣ ನಿಂತು, ಮತ್ತೆ ನಿಧಾನಕ್ಕೆ ಹೇಳು’ ಎಂದು ಅಭ್ಯಾಸ ಮಾಡಿಸುತ್ತಿದ್ದರು.

ಆದರೆ ನನ್ನ ಕಳ್ಳಾಟವೇ ಬೇರೆ. ಕಷ್ಟದ ಪದ ಬಂದರೆ ಬೇರೆ ಪದಕ್ಕೆ ಹಾರಿಬಿಡುತ್ತಿದ್ದೆ. ಹೋಟೆಲಿನಲ್ಲಿ ಪೂರಿ ತಿನ್ನುವ ಆಸೆ, ಬಾಯಲ್ಲಿ ಬರುವುದು ಇಡ್ಲಿ. ಒಂದು ದಿನ ಇದು ಗೊತ್ತಾಗಿ ಮಿಸ್ ಬಿದ್ದು ಬಿದ್ದು ನಕ್ಕರು. ಆಮೇಲೆ, ‘ಇಷ್ಟು ವರ್ಷ ಇಡ್ಲಿ ತಿಂದದ್ದು ಸಾಕು. ನಾಳೆ ತೊದಲಿಕೊಂಡೇ ಪೂರಿ ಕೇಳು. ತೊದಲೋದು ತಪ್ಪಲ್ಲ ಕಣೋ, ಬೇಕಾದ್ದನ್ನ ಕೇಳದೇ ಇರೋದು ನಷ್ಟ’ ಅಂದರು.

ನಾನು ಏಳನೇ ತರಗತಿಯಲ್ಲಿದ್ದಾಗ ಅವರು ನಿವೃತ್ತರಾದರು. ಎಸ್ಸೆಸ್ಸೆಲ್ಸಿವರೆಗೂ ಪ್ರತಿ ಶನಿವಾರ ಅವರ ಮನೆಗೆ ಹೋಗುತ್ತಿದ್ದೆ. ಫೀಸು ಅಂತ ಒಂದು ರೂಪಾಯಿಯನ್ನೂ ಮುಟ್ಟಲಿಲ್ಲ. ಬಿ.ಇ. ಸೇರಿದ ಮೇಲೆ ಭೇಟಿ ಕಡಿಮೆಯಾಯಿತು. ವಾಟ್ಸ್‌ಆ್ಯಪ್‌ನಲ್ಲಿ ಮೆಸೇಜ್ ಹಾಕುತ್ತಿದ್ದೆ. ಪ್ರತಿ ಸಲವೂ ಅವರದ್ದು ವಾಯ್ಸ್ ಮೆಸೇಜ್: ‘ಮೆಸೇಜ್ ಬೇಡ, ಫೋನ್ ಮಾಡು. ನಂಗೇನೂ ಅವಸರ ಇಲ್ಲ.’ ಫೋನಿನಲ್ಲಿ ನನ್ನ ತೊದಲು ಹೆಚ್ಚು. ಅದಕ್ಕೇ ಮುಂದೂಡುತ್ತಲೇ ಹೋದೆ. ಇಂಟರ್ನಲ್ಸ್ ಮುಗಿಯಲಿ, ಪರೀಕ್ಷೆ ಮುಗಿಯಲಿ ಎಂದುಕೊಂಡೆ. ಐದನೇ ಸೆಮಿಸ್ಟರಿನಲ್ಲಿ ಕಾಲೇಜಿನವರು ಅಣಕು ಸಂದರ್ಶನ ಇಟ್ಟಾಗ ಜ್ವರ ಎಂದು ಸುಳ್ಳು ಹೇಳಿ ರೂಮಿನಲ್ಲಿ ಮಲಗಿದ್ದೆ. ಅದನ್ನು ಮಿಸ್‌ಗೆ ಹೇಳುವ ಧೈರ್ಯವಾಗಲಿಲ್ಲ.

ಕಳೆದ ಡಿಸೆಂಬರ್‌ನಲ್ಲಿ ಶಾಲೆಯ ಹಳೆಯ ವಿದ್ಯಾರ್ಥಿಗಳ ಗ್ರೂಪಿನಲ್ಲಿ ಅವರ ಫೋಟೊ ಬಂತು. ಹೃದಯಾಘಾತವಂತೆ. ನಾನು ಮಾಡದೇ ಉಳಿಸಿಕೊಂಡ ಫೋನು ಹಾಗೇ ಉಳಿದುಹೋಯಿತು.

ಹನ್ನೊಂದನೇ ದಿನ ಮನೆಗೆ ಹೋದೆ. ‘ನೀವು ಯಾರು ಗೊತ್ತಾಗಲಿಲ್ಲ’ ಎಂದರು ಅವರ ಮಗಳು. ಹೆಸರು ಹೇಳಬೇಕಿತ್ತು. ‘ಪ್’ನಲ್ಲೇ ನಿಂತುಬಿಟ್ಟೆ. ಅಷ್ಟೊಂದು ಜನರಿದ್ದ ಹಜಾರದಲ್ಲಿ ಅವರು ನನ್ನ ಮುಖ ನೋಡುತ್ತಾ ಸುಮ್ಮನೆ ನಿಂತರು. ಅವರ ಪಕ್ಕದಲ್ಲಿದ್ದ ಐದಾರು ವರ್ಷದ ಮೊಮ್ಮಗಳೂ ನಗಲಿಲ್ಲ, ಅವಳೂ ಕಾದಳು. ಹೆಸರು ಬಂದ ಮೇಲೆ ಮಗಳು ಹೇಳಿದರು: ‘ನಮ್ಮನೇಲಿ ಯಾರ ಮಾತನ್ನೂ ಇನ್ನೊಬ್ಬರು ಮುಗಿಸೋ ಹಾಗಿಲ್ಲ. ಅಮ್ಮನ ರೂಲ್ಸು.’ ಅಲ್ಲಿಯವರೆಗೆ ತಡೆದುಕೊಂಡಿದ್ದ ಅಳು ಆಗ ಬಂತು.

ಆರನೇ ಸೆಮಿಸ್ಟರಿನಲ್ಲಿ ಮತ್ತೆ ಅಣಕು ಸಂದರ್ಶನ ಇಟ್ಟರು. ಈ ಸಲ ಜ್ವರ ಬರಲಿಲ್ಲ. ಕುರ್ಚಿಯಲ್ಲಿ ಕೂತು ಮೊದಲೇ ಹೇಳಿಬಿಟ್ಟೆ: ‘ಸರ್, ನಾನು ತೊದಲುತ್ತೇನೆ. ಕೆಲವು ಪದಗಳಿಗೆ ಸ್ವಲ್ಪ ಹೊತ್ತು ಬೇಕಾಗುತ್ತದೆ.’ ಹಾಗೆ ಹೇಳಿದ್ದೇ ತಡ, ಅರ್ಧ ಭಾರ ಇಳಿಯಿತು. ಹೆಸರು ಹೇಳಲು ಹೊತ್ತು ಹಿಡಿಯಿತು, ಅವರು ಕಾದರು. ಕೊನೆಗೆ ಅವರು ಹಿಡಿದದ್ದು ನನ್ನ ತೊದಲನ್ನಲ್ಲ, ಪ್ರಾಜೆಕ್ಟ್ ಬಗ್ಗೆ ಅರೆಬರೆ ಓದಿಕೊಂಡು ಬಂದದ್ದನ್ನು! ಅದನ್ನು ಸರಿಮಾಡಿಕೊಳ್ಳುವುದು ನನ್ನ ಕೈಯಲ್ಲೇ ಇದೆ.

ಗೆಳೆಯರೇ, ನಿಮ್ಮ ಕ್ಲಾಸಿನಲ್ಲೋ ಗ್ರೂಪ್ ಡಿಸ್ಕಷನ್ನಿನಲ್ಲೋ ನನ್ನಂಥವನೊಬ್ಬ ಇದ್ದೇ ಇರುತ್ತಾನೆ. ಅವನ ಪದವನ್ನು ನೀವು ಮುಗಿಸಿಕೊಡಬೇಡಿ. ಸಹಾಯ ಮಾಡಿದೆವು ಎಂದು ನಿಮಗೆ ಅನ್ನಿಸುತ್ತದೆ, ಮಾತು ಕಸಿದುಕೊಂಡರು ಎಂದು ಅವನಿಗೆ ಅನ್ನಿಸುತ್ತದೆ. ಒಂದೆರಡು ಸೆಕೆಂಡು ಕಾಯಿರಿ, ಸಾಕು. ನೀವೇ ಆ ಹುಡುಗನಾಗಿದ್ದರೆ, ಫೋನ್ ಮಾಡಬೇಕಾದವರಿಗೆ ಇವತ್ತೇ ಮಾಡಿ. ನನ್ನ ಹಾಗೆ ತಡಮಾಡಬೇಡಿ.

ಅಂದಹಾಗೆ, ಈಗ ಕಾಲೇಜು ಕ್ಯಾಂಟೀನಿನಲ್ಲಿ ನಾನು ಕೇಳುವುದು ಪೂರಿಯನ್ನೇ.