ದಪ್ಪ ಪಾದದ ಓರೆ ಅಕ್ಷರ

ಬೆಂಗಳೂರಿನ ಹೊಸಹಳ್ಳಿ ಮೆಟ್ರೋ ಇಳಿದು ವಿಜಯನಗರದ ಕಡೆ ನಡೆಯುವಾಗ ಜಿಮ್, ಟೈರ್ ಅಂಗಡಿ, ಕೊರಿಯರ್ ಬೋರ್ಡುಗಳನ್ನು ಗಮನಿಸಿ. ದಪ್ಪ ಮೈ, ಬಲಕ್ಕೆ ವಾಲಿದ ನಿಲುವು, ಕಾಲ ತುದಿಗೆ ಇಟ್ಟಿಗೆಯಂಥ ಪಾದ ಇರುವ ಇಂಗ್ಲಿಷ್ ಅಕ್ಷರ ಕಂಡರೆ ಅದು ಬೋಲ್ಡ್ ಇಟಾಲಿಕ್ ಸ್ಲ್ಯಾಬ್ ಸೆರಿಫ್.

ಸ್ಲ್ಯಾಬ್ ಹುಟ್ಟಿದ್ದು 1810ರ ದಶಕದ ಲಂಡನ್ನಿನಲ್ಲಿ, ಭಿತ್ತಿಪತ್ರಗಳ ಕಾಲದಲ್ಲಿ. 1845ರಲ್ಲಿ ಕ್ಲಾರೆಂಡನ್ ಎಂಬ ಸ್ಲ್ಯಾಬ್ ಅಕ್ಷರಶೈಲಿ ಬಂತು, 1934ರಲ್ಲಿ ಮೊನೊಟೈಪ್ ಕಂಪನಿಯ ರಾಕ್‌ವೆಲ್.

ಬೋರ್ಡ್ ವಿನ್ಯಾಸ ನನ್ನ ಕಸುಬು. ಬಲವನ್ನೂ ವೇಗವನ್ನೂ ಒಟ್ಟಿಗೆ ತೋರಿಸಲು ಈ ದಪ್ಪ ಓರೆ ಸ್ಲ್ಯಾಬಿಗೆ ಸಾಟಿಯಿಲ್ಲ. ಆದರೆ ಎರಡು ಮೂರು ಪದಕ್ಕಷ್ಟೇ. ವಿಳಾಸದ ಸಾಲಿಗೆ ಹಾಕಿದರೆ ಅಕ್ಷರಗಳ ಹೊಟ್ಟೆ ಮುಚ್ಚಿಕೊಂಡು ಓದಲಾಗುವುದಿಲ್ಲ.

ಕರ್ನಾಟಕದ ಭಾಷಾ ಕಾನೂನಿಗೆ 2024ರಲ್ಲಿ ಬಂದ ತಿದ್ದುಪಡಿಯಂತೆ ನಾಮಫಲಕದಲ್ಲಿ ಶೇ 60ರಷ್ಟು ಕನ್ನಡ ಇರಲೇಬೇಕು. ಹಾಗಾಗಿ ಗಿರಾಕಿಗಳು ಅದೇ ಗತ್ತನ್ನು ಕನ್ನಡದಲ್ಲೂ ಕೇಳುತ್ತಾರೆ, ಕೇಳಬೇಕಾದದ್ದೇ. ಆದರೆ ಕನ್ನಡ ಅಕ್ಷರವನ್ನು ಕಂಪ್ಯೂಟರಿನಲ್ಲಿ ಸುಮ್ಮನೆ ಓರೆ ಮಾಡಿದರೆ ತಲೆಕಟ್ಟು ಬಲಕ್ಕೆ ಓಡುತ್ತದೆ, ಒತ್ತಕ್ಷರ ಎಡಕ್ಕೆ ಸರಿದು ಹಿಂದಿನ ಅಕ್ಷರದ ಬುಡಕ್ಕೆ ತಾಗುತ್ತದೆ. ‘ರಾಷ್ಟ್ರೀಯ’ ಎಂದು ಬರೆದು ನೋಡಿ. ನಾನು ಓರೆಯನ್ನು ಕಡಿಮೆ ಮಾಡಿ, ಒತ್ತನ್ನು ಕೈಯಾರೆ ಬಲಕ್ಕೆ ತಂದು, ತಲೆಕಟ್ಟಿನ ತುದಿಯನ್ನು ಚೌಕವಾಗಿ ಕತ್ತರಿಸುತ್ತೇನೆ. ಕನ್ನಡಕ್ಕೆ ಪಾದ ಅಂಟಿಸಬೇಕಿಲ್ಲ. ಸ್ಲ್ಯಾಬಿನ ಭಾರವನ್ನು ತಲೆಕಟ್ಟೇ ಹೊರುತ್ತದೆ.